ಬೀಚ್ ಬಿಟ್ಟು ಇನ್ನೇನಿದೆ?

ದಾವಣಗೆರೆಯಿಂದ ಭಾವ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: "ನಿಮ್ಮ ವೈಜಾಗಿಗೆ ಎರಡು ದಿನ ಸಾಕಲ್ವೇನಯ್ಯಾ?"

ಸಾಕು ಸ್ವಾಮಿ, ಧಾರಾಳವಾಗಿ ಸಾಕು. ಆರ್.ಕೆ. ಬೀಚು, ದಡಕ್ಕೆ ಎಳೆದಿಟ್ಟಿರುವ ಸಬ್‌ಮರೀನು, ಕೈಲಾಸಗಿರಿಗೆ ಒಂದು ದಿನ. ಅರಕು, ಬೊರ್ರಾ ಗುಹೆಗೆ ಇನ್ನೊಂದು ದಿನ. ಹೊರಡುವ ಮುಂಚೆ ಸಿಂಹಾಚಲ. ಅಲ್ಲಿಗೆ 1516ರಲ್ಲಿ ಕೃಷ್ಣದೇವರಾಯ ಬಂದಿದ್ದ, ಶಾಸನ ಇದೆ ಅಂದರೆ ನಮ್ಮವರ ಎದೆ ಉಬ್ಬುತ್ತೆ. ಐನೂರು ವರ್ಷದ ಹಿಂದೆ ಬಂದುಹೋದ ರಾಜನ ಸುದ್ದಿ ಬೇಕು. ಇವತ್ತು ಇಲ್ಲಿ ಬದುಕುತ್ತಿರುವ ಜನರ ಸುದ್ದಿ ಯಾರಿಗೂ ಬೇಡ. ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತುವಾಗ ತೀರ್ಪು ಹೊರಬೀಳುತ್ತೆ: "ಊರು ಚೆನ್ನಾಗಿದೆ ಕಣಯ್ಯಾ, ಆದ್ರೆ ಬೀಚ್ ಬಿಟ್ಟು ಇನ್ನೇನಿದೆ?"

ಈ ಮಾತನ್ನು ಎಲ್ಲೋ ಕೇಳಿದ ಹಾಗಿಲ್ಲವೇ? ಬೆಂಗಳೂರಿಗೆ ಕೆಲಸಕ್ಕೆ ಬಂದವರು ಅನ್ನುವುದೂ ಇದನ್ನೇ: "ಹವೆ ಚೆನ್ನಾಗಿದೆ, ಮಾಲ್‌ಗಳಿವೆ, ಇನ್ನೇನಿದೆ?" ಆಗ ನಮಗೆ ಮೈಯೆಲ್ಲ ಉರಿಯುತ್ತೆ. ಚಿಕ್ಕಪೇಟೆಗೆ ಹೋಗಿದ್ದೀಯೇನಯ್ಯಾ, ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕ ಕೊಂಡಿದ್ದೀಯಾ, ಕರಗದ ರಾತ್ರಿ ತಿಗಳರಪೇಟೆಯಲ್ಲಿ ನಿಂತಿದ್ದೀಯಾ, ಹತ್ತು ವರ್ಷ ಇದ್ದೂ ಹತ್ತು ಮಾತು ಕನ್ನಡ ಕಲಿತಿಲ್ಲವಲ್ಲ ಅಂತ ಜಗಳಕ್ಕೆ ನಿಲ್ಲುತ್ತೇವೆ. ನ್ಯಾಯವಾದ ಜಗಳವೇ, ಅನುಮಾನವಿಲ್ಲ. ಆದರೆ ನಾವೇ ಹೊರಗಿನವರಾಗಿ ಹೋದ ಊರಿನಲ್ಲಿ ಮಾಡುವುದೇನು?

ಭಾವನನ್ನು ಯಾಕೆ ದೂರಲಿ, ನನ್ನ ಕಥೆಯನ್ನೇ ಹೇಳುತ್ತೇನೆ. ಎಂ.ವಿ.ಪಿ. ಕಾಲೊನಿಯಲ್ಲಿ ಮನೆ ಮಾಡಿಕೊಂಡು ಎರಡು ವರ್ಷ ಹಿಂದಿಯಲ್ಲೇ ಕಾಲ ಹಾಕಿದೆ. ತೆಲುಗು ಲಿಪಿ ನಮ್ಮ ಲಿಪಿಯ ಒಡಹುಟ್ಟು. ತಲಕಟ್ಟಿನ ವ್ಯತ್ಯಾಸ ಹಿಡಿದುಕೊಂಡರೆ ಅಂಗಡಿ ಬೋರ್ಡು ಓದಲು ಒಂದು ವಾರ ಬೇಡ. ಆ ಒಂದು ವಾರ ನನಗೆ ಎರಡು ವರ್ಷವಾದರೂ ಸಿಗಲಿಲ್ಲ!

ಹೆಂಡತಿಯ ತಾಳಿ ಸರದ ಕೊಂಡಿ ಕಿತ್ತುಹೋಗದಿದ್ದರೆ ಹಳೇ ಊರಿನ ಕಡೆ ನಾನು ತಲೆ ಹಾಕುತ್ತಲೂ ಇರಲಿಲ್ಲ. ದೊಡ್ಡ ಅಂಗಡಿಯವರು ಇಷ್ಟು ಸಣ್ಣ ಕೆಲಸ ಮಾಡಲ್ಲ ಅಂದರು. ಪಕ್ಕದ ಮನೆಯಾಕೆ "ಒನ್ ಟೌನಿಗೆ ಹೋಗಿ, ಕುರುಪಾಂ ಮಾರ್ಕೆಟ್" ಅಂದರು. ಹೋದೆ. ಎರಡಾಳು ಎದುರುಬದುರಾದರೆ ಒಬ್ಬರು ಮೈ ಓರೆ ಮಾಡಬೇಕಾದ ಓಣಿ. ಚಿನ್ನದ ಕೆಲಸದ ಗೂಡಂಗಡಿ, ಊದುವ ಬೆಂಕಿ, ಮೀನಿನ ಬುಟ್ಟಿ ಹೊತ್ತ ಹೆಂಗಸರು. ಬೆಸುಗೆ ಹಾಕುತ್ತಲೇ ಮುದುಕ ಕೇಳಿದ: "ಮೀದಿ ಏ ಊರಂಡೀ?" ಬೆಂಗಳೂರು ಕಡೆ, ಇಲ್ಲಿಗೆ ಬಂದು ಎರಡು ವರ್ಷವಾಯ್ತು ಅಂತ ಹಿಂದಿಯಲ್ಲಿ ಹೇಳಿದೆ. ಆತ ತಲೆ ಎತ್ತಲಿಲ್ಲ. "ಎರಡು ವರ್ಷವಾ? ಇನ್ನೂ ಹಿಂದಿಯಾ?" ಅಂದ, ಅಷ್ಟೆ. ಬೆಂಗಳೂರಿನಲ್ಲಿ ನಾನು ಎಷ್ಟು ಜನಕ್ಕೆ ಎಸೆದಿದ್ದೆನೋ ಆ ಪ್ರಶ್ನೆಯನ್ನ, ಈಗ ನನ್ನ ಮುಖಕ್ಕೇ ಬಂದು ಬಿತ್ತು.

ಅಂದು ನಡೆಯಲು ಶುರು ಮಾಡಿದ್ದು ಆಮೇಲೆ ನಿಲ್ಲಲಿಲ್ಲ. ಹಡಗುಗಳು ಬಂದರಿಗೆ ನುಗ್ಗುವ ಕಾಲುವೆಯ ಬದಿಯಲ್ಲಿ ಮೂರು ಗುಡ್ಡ: ಒಂದರ ಮೇಲೆ ಮೇರಿಮಾತೆಯ ಇಗರ್ಜಿ, ಒಂದರ ಮೇಲೆ ದರ್ಗಾ, ಇನ್ನೊಂದರ ಮೇಲೆ ವೆಂಕಟೇಶ್ವರ. ಮೂರನ್ನೂ ಒಂದೇ ಮುಂಜಾವಿನಲ್ಲಿ ಹತ್ತಿ ಇಳಿಯಬಹುದು. ಕೆಳಗೆ ಸೇಂಟ್ ಅಲೋಷಿಯಸ್ ಶಾಲೆ. ನಾವು ನಮ್ಮವರೆಂದೇ ಎಣಿಸುವ, 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾಗಿ ಬಂದು ಬೆಂಗಳೂರಿನಲ್ಲೇ ಮಣ್ಣಾದ ಸಿ.ವಿ. ರಾಮನ್, ಹುಡುಗನಾಗಿ ಓದಿದ್ದು ಇಲ್ಲಿ. ಹನ್ನೊಂದನೇ ವಯಸ್ಸಿಗೆ ಮೆಟ್ರಿಕ್ ಮುಗಿಸಿದ್ದು ಈ ಊರಿನಲ್ಲಿ. ನಮ್ಮ ಯಾವ ಟೂರ್ ಬಸ್ಸೂ ಈ ಗೇಟಿನ ಮುಂದೆ ನಿಂತದ್ದನ್ನು ನಾನು ನೋಡಿಲ್ಲ.

ಆಮೇಲೆ ವಿಜಯವಾಡಕ್ಕೆ ವರ್ಗವಾಯ್ತು. ಅಲ್ಲಿಯೂ ನಮ್ಮವರದು ಅದೇ ಪಾಠ: ಕನಕದುರ್ಗೆಗೆ ಕೈಮುಗಿ, ಸ್ಟೇಷನ್ನಿಗೆ ಓಡು, "ಅಬ್ಬಾ ಏನು ಸೆಖೆ" ಅನ್ನು. ಸ್ಟೇಷನ್ನಿನ ಹಿಂದೆಯೇ ಗಾಂಧಿ ಹಿಲ್. 1968ರಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ಉದ್ಘಾಟಿಸಿದ ಸ್ತೂಪ ಅಲ್ಲಿದೆ. ರೈಲಿನ ಕಿಟಕಿಯಿಂದ ನೋಡಿ ಮರೆಯುತ್ತೇವೆ. ಅದರ ಆಸುಪಾಸಿನದೇ ಇಲ್ಲಿನ ಒನ್ ಟೌನ್. ಕಾಳೇಶ್ವರರಾವ್ ಮಾರ್ಕೆಟ್ಟಿನ ಗಲಾಟೆ ದಾಟಿ ಇಂದ್ರಕೀಲಾದ್ರಿಯ ಕಡೆಗೆ ನಡೆದರೆ, ಮನೆಗಳು ಬಂಡೆಗೆ ಅಂಟಿಕೊಂಡು ಮೇಲೆ ಮೇಲೆ ಹತ್ತಿವೆ. ಕೊಡ, ಸಿಲಿಂಡರ್, ಕಾಯಿಲೆಯವರು, ಎಲ್ಲಾ ಮೆಟ್ಟಿಲ ಮೇಲೆಯೇ ಹೋಗಬೇಕು. ಮಳೆ ಜೋರಾದರೆ ಇಂಥ ಗುಡ್ಡದ ಜನಕ್ಕೆ ನಿದ್ದೆಯಿಲ್ಲ. 2024ರ ಆಗಸ್ಟ್ ಕೊನೆಯ ಮಳೆಯಲ್ಲಿ ಇದೇ ಊರಿನ ಮೊಗಲ್ರಾಜಪುರದಲ್ಲಿ ಬಂಡೆ ಉರುಳಿ ಜೀವ ಹೋದವು.

ಆ ಎತ್ತರದಲ್ಲಿ ನಿಂತು ಕೆಳಗೆ ನೋಡಿದರೆ ಕೃಷ್ಣೆ, 1957ರ ಪ್ರಕಾಶಂ ಬ್ಯಾರೇಜು, ಅಲ್ಲಿಂದ ಕವಲೊಡೆಯುವ ಕಾಲುವೆಗಳು. ನಮಗೆ ಕೃಷ್ಣೆ ಅಂದರೆ ಆಲಮಟ್ಟಿಯ ಎತ್ತರ, ಟಿಎಂಸಿ ಲೆಕ್ಕ, ಟ್ರಿಬ್ಯೂನಲ್ಲು. ನದಿಯ ಈ ತುದಿಯಲ್ಲೂ ಬಟ್ಟೆ ಒಗೆಯುವವರಿದ್ದಾರೆ, ಗದ್ದೆಗೆ ನೀರು ಕಾಯುವವರಿದ್ದಾರೆ ಅಂತ ನನಗೆ ಹೊಳೆದದ್ದು ಆ ಮೆಟ್ಟಿಲ ಮೇಲೆ. ನಮ್ಮ ಪಾಲಿನ ನೀರು ಬಿಟ್ಟುಕೊಡಿ ಅಂತ ನಾನು ಹೇಳುತ್ತಿಲ್ಲ. ಜಗಳ ಮಾಡುವವನು ಎದುರಿನವನ ಮುಖವನ್ನಾದರೂ ನೋಡಿರಬೇಕು ಅಂತೀನಿ.

"ಹೊಟ್ಟೆಪಾಡಿಗೆ ಬಂದವರಿಗೆ ಇದೆಲ್ಲ ಯಾಕೆ? ಮೂರು ವರ್ಷಕ್ಕೆ ಇನ್ನೊಂದು ಊರು" ಅನ್ನುವವರಿದ್ದಾರೆ. ಬೆಂಗಳೂರಿನಲ್ಲಿ ಇದೇ ಮಾತನ್ನು ಪರ ಊರಿನವನು ಹೇಳಿದರೆ ನೀವು ಒಪ್ಪುತ್ತೀರಾ? ಅವನೂ ಹೊಟ್ಟೆಪಾಡಿಗೇ ಬಂದವನು. ಕನ್ನಡ ಕಲಿಯಿರಿ, ನಮ್ಮ ಪೇಟೆ ಸುತ್ತಿರಿ ಅಂತ ಕೇಳುವ ಹಕ್ಕು ನಮಗಿದೆ. ಆದರೆ ಹೋದ ಊರಿನಲ್ಲಿ ನಾವು ಅದನ್ನು ನಡೆಸದಿದ್ದರೆ ಆ ಹಕ್ಕು ಬರೀ ಬಾಯಿಬಡುಕತನ.

ಹೋದ ದಸರಾಕ್ಕೆ ಭಾವ ಮತ್ತೆ ಬಂದಿದ್ದರು. ಬೆಟ್ಟದ ದರ್ಶನ ಮುಗಿಸಿ ಸೀದಾ ಮಾರ್ಕೆಟ್ಟಿಗೆ ಕರೆದೊಯ್ದೆ. ನನ್ನ ಹರಕು ತೆಲುಗಿಗೆ ಮೆಣಸಿನಕಾಯಿ ವ್ಯಾಪಾರಿ ಬಿದ್ದುಬಿದ್ದು ನಕ್ಕ, ನಕ್ಕು ಒಂದು ಹಿಡಿ ಹೆಚ್ಚಿಗೆ ಹಾಕಿದ. ಭಾವನಿಗೆ ಕಾಲು ನೋವು, ಸೆಖೆ, ಗೊಣಗಾಟ. ಆದರೂ ಮನೆಗೆ ಬರುವಷ್ಟರಲ್ಲಿ ಅಂಗಡಿ ಬೋರ್ಡುಗಳನ್ನ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. "ಇನ್ನೇನಿದೆ" ಅಂತ ಮಾತ್ರ ಈ ಸಲ ಕೇಳಲಿಲ್ಲ.