ವಿಂಟೇಜ್ ಅಂದ್ರೆ ಬರೀ ಕಂದು ಬಣ್ಣ ಅಲ್ಲ ಸ್ವಾಮಿ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ಈ ಬರಹದಲ್ಲಿ ನಾನು ಯಾರನ್ನೆಲ್ಲ ಬೈತೀನೋ ಅವರ ಪೈಕಿ ಮೊದಲನೆಯವನು ನಾನೇ. ಒಂದು ಶುಕ್ರವಾರ ಮಧ್ಯಾಹ್ನ ಆಫೀಸಿನ ಮೀಟಿಂಗ್ ರೂಮಿನಲ್ಲಿ "ಎಐನಲ್ಲಿ ವಿಂಟೇಜ್ ಚಿತ್ರ ಮಾಡೋದು ಹೇಗೆ" ಅಂತ ಹೊಸಬರಿಗೆ ಒಂದು ಗಂಟೆ ಪಾಠ ಮಾಡಿದವನು ನಾನು. ಪಾಠ ಬಹಳ ಸುಲಭ. ಏನು ಬೇಕೋ ಅದನ್ನು ಬರೆಯಿರಿ, ಪಕ್ಕದಲ್ಲಿ ಸೆಪಿಯಾ, ಫಿಲ್ಮ್ ಗ್ರೇನ್, ಗೀರು, ಧೂಳು, ಮಾಸಿದ ಅಂಚು ಅಂತ ಸೇರಿಸಿ, ಕೊನೆಗೊಂದು ಇಸವಿ ಹಾಕಿ. ಕಾಫಿ ಆರೋದರೊಳಗೆ 1940 ನಿಮ್ಮ ಮೊಬೈಲಿನಲ್ಲಿ ಬಂದು ಕೂತಿರುತ್ತೆ. ಅದು 2025ರ ಸೆಪ್ಟೆಂಬರ್. ಜೆಮಿನಿಯಲ್ಲಿ ರೆಟ್ರೋ ಸೀರೆಯ ಹುಚ್ಚು ಹತ್ತಿ, ಇನ್‌ಸ್ಟಾಗ್ರಾಂ ತೆಗೆದರೆ ಎಲ್ಲರ ಸೆರಗೂ ಗಾಳಿಗೆ ಹಾರ್ತಾ ಇದ್ದ ತಿಂಗಳು.

ಅದೇ ಉತ್ಸಾಹದಲ್ಲಿ ನಾನು ನಮ್ಮಜ್ಜಿಯನ್ನೂ ಮಾಡಿದೆ.

ಅಜ್ಜಿಯದು ಅಂತ ಇರೋದು ಒಂದೇ ಫೋಟೋ. 1968ರಲ್ಲಿ ದೊಡ್ಡತ್ತೆಯ ಮದುವೆಯಲ್ಲಿ ತೆಗೆದ ಗುಂಪು ಫೋಟೋ. ಅದರಲ್ಲಿ ಅಜ್ಜಿ ಕೊನೇ ಸಾಲಿನ ಅಂಚಿನಲ್ಲಿ, ಅರ್ಧ ಕಂಬದ ಹಿಂದೆ. ಮುಖ ಕಡಲೆಬೀಜದಷ್ಟಿದೆ, ಅದೂ ಅಲುಗಾಡಿ ಮಸುಕಾಗಿದೆ. ಅದನ್ನೇ ಕತ್ತರಿಸಿ ಹಾಕಿ, ರಿಸ್ಟೋರ್ ಮಾಡು, ಹಳೇ ಸ್ಟುಡಿಯೋ ಫೋಟೋ ಥರ ಇರಲಿ ಅಂದೆ. ತೇಗದ ಕುರ್ಚಿ ಮೇಲೆ ರೇಷ್ಮೆ ಸೀರೆ ಉಟ್ಟು, ನೆಟ್ಟಗೆ ಕೂತು ನನ್ನನ್ನೇ ನೋಡ್ತಿರೋ ಅಜ್ಜಿ ಬಂದಳು. ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೇ ತಡ, ಕೈಮುಗಿದ ಎಮೋಜಿಗಳ ಮಳೆ. ಅಪ್ಪ ತಾಲ್ಲೂಕಿನಲ್ಲಿ ಪ್ರಿಂಟ್ ಹಾಕಿಸಿ ಫ್ರೇಮ್ ಕಟ್ಟಿಸಿಯೂ ಬಿಟ್ಟರು. ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋದಾಗ ಅದರ ಮುಂದೆಯೇ ಎಡೆ ಇಟ್ಟಿತ್ತು.

ದೊಡ್ಡತ್ತೆ ಬಂದರು. ಕನ್ನಡಕ ಒರೆಸಿ ಹಾಕ್ಕೊಂಡು ಸುಮಾರು ಹೊತ್ತು ನೋಡಿದರು. "ಇದ್ಯಾರೋ ಮಗ? ಯಾರ ಮುಂದೆ ಎಡೆ ಇಕ್ಕಿದ್ದೀರಿ?"

ಅಜ್ಜಿ ಅತ್ತೆ, ಅಂದೆ.

"ನಮ್ಮವ್ವಂಗೆ ಎಡಗಿವಿ ಹರಿದಿತ್ತು ಕಣೋ. ನಿಮ್ಮಪ್ಪನೇ, ಕೂಸಾಗಿದ್ದಾಗ ಓಲೆ ಹಿಡಿದು ಎಳೆದಿದ್ದು. ಇವಳಿಗೆ ಎರಡು ಕಿವೀನೂ ನೆಟ್ಟಗವೆ."

ಅಪ್ಪ ಏನೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಆರನೇ ಕ್ಲಾಸಿನವರೆಗೂ ನಾನು ಮಲಗಿದ್ದು ಆ ಅಜ್ಜಿಯ ಪಕ್ಕದಲ್ಲೇ. ಆ ಕಿವಿ ನನಗೆ ಮರೆತೇ ಹೋಗಿತ್ತು. ಆದರೆ ನನ್ನ ಆರು ವರ್ಷದ ಮಗಳಿಗೆ ಇನ್ನು ಮುಂದೆ ಮುತ್ತಜ್ಜಿ ಅಂದ್ರೆ ಫ್ರೇಮಿನಲ್ಲಿರೋ ಆ ಹೆಂಗಸೇ.

ಆಮೇಲೆ ನಾಚಿಕೆಯಾಗಿದ್ದು ನಾನು ಬಳಸಿದ ಪದಕ್ಕೆ. ರಿಸ್ಟೋರ್ ಅಂದಿದ್ದೆ. ನಮ್ಮ ಕಸುಬಿನಲ್ಲಿ ಆ ಮಾತಿಗೆ ಒಂದು ಅರ್ಥ ಇದೆ. ಬ್ಯಾಕಪ್ ಇದ್ದರೆ ರಿಸ್ಟೋರ್. ಬ್ಯಾಕಪ್ಪೇ ಇಲ್ಲದ ಟೇಬಲ್ಲಿನಲ್ಲಿ ಖಾಲಿ ಇರೋ ಕಡೆಯೆಲ್ಲ ಆವರೇಜ್ ತುಂಬಿಸಿ "ಡೇಟಾ ರಿಕವರ್ ಆಯ್ತು ಸರ್" ಅಂತ ಯಾರಾದ್ರೂ ಟಿಕೆಟ್ ಕ್ಲೋಸ್ ಮಾಡಿದ್ರೆ ಸುಮ್ನೆ ಬಿಡ್ತೀವಾ? ಈ ಮಾಡೆಲ್‌ಗಳು ಮಾಡೋದು ಹೆಚ್ಚೂಕಡಿಮೆ ಅದನ್ನೇ. ಇಂಥ ಬಹುಪಾಲು ಮಾಡೆಲ್‌ಗಳು, ಹಳೇ ಟೀವಿಯಲ್ಲಿ ಚಾನೆಲ್ ಬರದೇ ಇದ್ದಾಗ ಕಾಣ್ತಿದ್ದ ಚುಕ್ಕಿಗಳಂಥ ಗೊಂದಲದಿಂದ ಶುರುಮಾಡಿ, ನೀವು ಕೊಟ್ಟ ಪದಗಳಿಗೆ ಹೊಂದೋ ಚಿತ್ರ ಬರೋವರೆಗೂ ಅದನ್ನು ಹಂತಹಂತವಾಗಿ ತಿಳಿಗೊಳಿಸ್ತಾ ಹೋಗ್ತವೆ. ಯಾವುದು ಹೊಂದುತ್ತೆ ಅನ್ನೋದನ್ನು ಅವು ಕಲಿತಿರೋದು ಇಂಟರ್‌ನೆಟ್ಟಿನ ರಾಶಿಯಿಂದ. 2022ರಲ್ಲಿ ಬಂದ ಲಯಾನ್-5ಬಿ ಅನ್ನೋ ಒಂದು ಸಂಗ್ರಹದಲ್ಲೇ ಸುಮಾರು 585 ಕೋಟಿ ಚಿತ್ರ ಮತ್ತು ವಿವರಣೆಯ ಜೋಡಿಗಳಿದ್ದವು. ಅಷ್ಟರಲ್ಲೂ ಹರಿದ ಕಿವಿಯ ನಮ್ಮಜ್ಜಿ ಇಲ್ಲ.

ಇನ್ನು ಸೆಪಿಯಾ. ಪಾಠದಲ್ಲಿ ನಾನೇ ಹೇಳಿದ್ದೆ, ಹಳತು ಅನ್ನಿಸಬೇಕಾದ್ರೆ ಸೆಪಿಯಾ ಹಾಕಿ ಅಂತ. ಆಮೇಲೆ ಓದಿದಾಗ ಗೊತ್ತಾಯ್ತು, ಕಥೆ ಉಲ್ಟಾ. ಕಪ್ಪುಬಿಳುಪು ಪ್ರಿಂಟಿನಲ್ಲಿ ಚಿತ್ರ ಮೂಡಿರೋದು ಬೆಳ್ಳಿಯ ಕಣಗಳಿಂದ. ಗಾಳಿ, ತೇವಕ್ಕೆ ಆ ಬೆಳ್ಳಿ ಕೆಡುತ್ತೆ. ಗಂಧಕದ ರಾಸಾಯನಿಕದಲ್ಲಿ ಅದ್ದಿದರೆ ಬೆಳ್ಳಿ ಸಿಲ್ವರ್ ಸಲ್ಫೈಡ್ ಆಗಿ ಕಂದು ಬಣ್ಣಕ್ಕೆ ತಿರುಗುತ್ತೆ, ಹೆಚ್ಚು ಕಾಲ ಬಾಳುತ್ತೆ. ನಾಳೆಗೂ ಉಳೀಲಿ ಅಂತ ಅವರು ಹಾಕಿದ ಬಣ್ಣವನ್ನು ನಾವು ಮಾಸಿಹೋಗಿದ್ದರ ಗುರುತು ಅಂತ ಬಳಿಯುತ್ತಾ ಇದ್ದೀವಿ. ಕುಂಕುಮದ್ದೂ ಹೀಗೇ. 19ನೇ ಶತಮಾನದ ಪ್ಲೇಟುಗಳಿಗೆ ಕೆಂಪು ಬೆಳಕು ಹೆಚ್ಚುಕಮ್ಮಿ ಕಾಣ್ತಾನೇ ಇರಲಿಲ್ಲ, ನೀಲಿ ಅತಿಯಾಗಿ ಕಾಣೋದು. ಅದಕ್ಕೇ ಆ ಕಾಲದ ಫೋಟೋಗಳಲ್ಲಿ ಕೆಂಪು ಕಪ್ಪಗೆ ಬೀಳುತ್ತೆ, ಆಕಾಶ ಬೋಳು ಬಿಳುಪಾಗಿರುತ್ತೆ. ನಮ್ಮ ಎಐ 1870ರಲ್ಲೋ? ಮೋಡಗಳು ತೆರೆ ತೆರೆಯಾಗಿ ಸಿನಿಮಾ ಪೋಸ್ಟರಿನಂತೆ ಎದ್ದಿರ್ತವೆ.

ಇದೆಲ್ಲ ತಂತ್ರದ ಕೊಸರು ಅನ್ನಿಸಿದ್ರೆ ಹಂಪಿಗೆ ಬನ್ನಿ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಫೋಟೋ ತೆಗೆದ. ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಅದರಲ್ಲಿದೆ. ಆ ರಥದ ತಲೆ ಮೇಲೆ ಇಟ್ಟಿಗೆಯ ಗೋಪುರ ಇದೆ! ಈಗ ಅದಿಲ್ಲ, ಆಮೇಲೆ ತೆಗೆದುಹಾಕಿದ್ದಾರೆ. ಈಗಿನ 50 ರೂಪಾಯಿ ನೋಟಿನ ಹಿಂದೆ ಇರೋದು ಗೋಪುರ ಇಲ್ಲದ ರಥ. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಫೋಟೋ ತೆಗೆದ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನು ಉಳಿದಿದೆ, ಏನು ಹೋಗಿದೆ ಅಂತ ಮಕ್ಕಳೂ ಹೇಳಬಹುದು.

ಹಂಪಿಯ ಕಲ್ಲಿನ ರಥ, 1856, ವಿಂಟೇಜ್ ಫೋಟೋ ಅಂತ ನಾನೂ ಒಂದು ಟೂಲಿಗೆ ಕೊಟ್ಟು ನೋಡಿದೆ. ನಾಲ್ಕು ಚಿತ್ರ ಬಂತು. ಗೀರು, ಕಲೆ, ಮಡಿಸಿದ ಮೂಲೆ ಎಲ್ಲ ಅಚ್ಚುಕಟ್ಟು. ಒಂದರಲ್ಲೂ ಗೋಪುರ ಇಲ್ಲ. ನೋಟಿನ ಮೇಲಿರೋ ಇವತ್ತಿನ ರಥಕ್ಕೇ ಕಂದು ಬಣ್ಣ ಹೊಡೆದು 1856 ಅಂತ ನನ್ನ ಕೈಗಿಟ್ಟಿತು. ಹಳೇ ಫೋಟೋದ ಬೆಲೆ ಇರೋದೇ ನಮಗೆ ಗೊತ್ತಿಲ್ಲದ್ದನ್ನು ಅದು ತೋರಿಸೋದರಲ್ಲಿ. ಇದು ನಮಗೆ ಗೊತ್ತಿರೋದನ್ನೇ ಹರಕು ಬಟ್ಟೆ ಹಾಕಿ ವಾಪಸ್ ಕಳಿಸುತ್ತೆ. ಅಂಥ ರಥ ನಾಳೆ ಯಾವುದೋ ಶಾಲೆಯ ಪ್ರಾಜೆಕ್ಟಿಗೆ ಅಂಟಿಕೊಳ್ಳುತ್ತೆ.

"ಹಳೇ ಸ್ಟುಡಿಯೋದವರೇನು ಸತ್ಯಹರಿಶ್ಚಂದ್ರರಾ?" ಅಂತ ಕೇಳಬಹುದು. ಅಲ್ಲ. ತಾಜಮಹಲಿನ ಪರದೆ, ಜಾತ್ರೆಯಲ್ಲಿ ರಟ್ಟಿನ ವಿಮಾನ, ನಾನೂ ಹತ್ತಿ ಕೂತವನೇ. ಆದರೆ ಪರದೆ ಮುಗಿದ ಕಡೆ ಸಿಮೆಂಟು ನೆಲ ಕಾಣೋದು, ಹವಾಯಿ ಚಪ್ಪಲಿ ಕಾಣೋದು. ಆಟ ಅಂತ ಎಲ್ಲರಿಗೂ ಗೊತ್ತಿತ್ತು. ನಿಮ್ಮನ್ನೇ ನೀವು ಎಪ್ಪತ್ತರ ದಶಕದ ಹೀರೋ ಮಾಡ್ಕೊಳ್ಳಿ, ನನ್ನದೇನೂ ತಕರಾರಿಲ್ಲ.

ನನ್ನ ಬಾಯಿ ಕಟ್ಟಿಸಿದ್ದು ಒಬ್ಬ ಗೆಳೆಯನ ಮಾತು. ಅವನೂ ಹಳ್ಳಿಯವನೇ. "ಫೋಟೋ ಇದ್ದದ್ದು ಉಳ್ಳವರ ಮನೇಲಿ ಕಣೋ. ನಮ್ಮಜ್ಜಿದೀರಿಗೆ ಈಗಲಾದ್ರೂ ಒಂದು ಒಳ್ಳೇ ಫೋಟೋ ಸಿಕ್ತಿದ್ರೆ ನಿನಗ್ಯಾಕೆ ಹೊಟ್ಟೆಯುರಿ?" ಅಂದ. ಮೂರು ದಿನ ಇದಕ್ಕೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಇಷ್ಟು. ಅಜ್ಜಿ ಹೆತ್ತ ಮಗಳ ಮದುವೆ ಫೋಟೋದಲ್ಲಿ ಕಂಬದ ಹಿಂದೆ ನಿಂತಿರೋದು ಯಾಕೆ? ಅಡುಗೆ ಕಡೆಯಿಂದ ಯಾರೋ ಕೂಗಿದಾಗ, ಕೈ ಒರೆಸ್ಕೊಂಡು ಕೊನೇ ಗಳಿಗೆಯಲ್ಲಿ ಓಡಿಬಂದಿದ್ದಳಂತೆ, ಅದಕ್ಕೇ ಮುಖ ಅಲುಗಾಡಿದೆ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತವರೆಲ್ಲ ಗಂಡಸರು. ಆ ಮಸುಕಿನಲ್ಲಿ ಅವಳ ಇಡೀ ಬದುಕಿನ ಲೆಕ್ಕ ಇದೆ. ಬದುಕಿದ್ದಾಗ ನಾವ್ಯಾರೂ ಕೂರಿಸದ ಕುರ್ಚಿಯಲ್ಲಿ ಸತ್ತ ಮೇಲೆ ಕೂರಿಸಿ, ಮೊದಲಿಂದಲೂ ಹಾಗೇ ಕೂತಿದ್ದಳು ಅಂತ ಮೊಮ್ಮಕ್ಕಳಿಗೆ ತೋರಿಸೋದು ಅವಳಿಗೆ ಸಲ್ಲಿಸೋ ಗೌರವ ಹೇಗಾಗುತ್ತೆ? ನಮ್ಮ ತಪ್ಪನ್ನು ನಾವೇ ಅಳಿಸಿಕೊಂಡ ಹಾಗೆ ಅದು.

ಪಾಠವನ್ನು ಈಗ ಮತ್ತೆ ಮಾಡೋದಾದ್ರೆ ಬೇರೆ ಥರ ಮಾಡ್ತೀನಿ. ಆಟಕ್ಕೆ ಬೆಂಕಿಪೊಟ್ಟಣದ ಲೇಬಲ್ಲು, ಹಳೇ ಸಿನಿಮಾ ಪೋಸ್ಟರು, ಗ್ರಾಮಫೋನ್ ತಟ್ಟೆಯ ಕವರು ಮಾಡಿ. ಕೈ ಚೆನ್ನಾಗಿ ಪಳಗುತ್ತೆ, ಯಾರ ಮುಖವೂ ಕೆಡಲ್ಲ. ಬದುಕಿದ್ದ ಮನುಷ್ಯರ ಫೋಟೋ ಆದ್ರೆ ಮೊದಲು ಸ್ಕ್ಯಾನರಿನಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿ, ಆ ಫೈಲನ್ನು ಮುಟ್ಟಬೇಡಿ. ಕಾಪಿ ಮೇಲೆ ಗೀರು ಇರೋ ಜಾಗ ಮಾತ್ರ ಗುರುತು ಮಾಡಿ ಅಷ್ಟನ್ನೇ ಸರಿಮಾಡಿಸಿ. ಕಣ್ಣು, ಮೂಗು, ಬಾಯಿ, ಕಿವಿ ಹೇಗಿದ್ದರೆ ಹಾಗೇ ಬಿಡಿ, ಮಸುಕಿದ್ದರೆ ಮಸುಕಾಗಿಯೇ ಇರಲಿ. ಇಡೀ ಚಿತ್ರ ಎಐದೇ ಆಗಿದ್ದರೆ ಹಾಗಂತ ಚಿತ್ರದ ಮೇಲೇ ಕಾಣೋ ಹಾಗೆ ಬರೆಯಿರಿ. ಕೆಳಗೆ ಕ್ಯಾಪ್ಷನ್ ಹಾಕಿದ್ದೀನಲ್ಲ ಅನ್ನಬೇಡಿ, ಎರಡನೇ ಫಾರ್ವರ್ಡಿಗೆ ಅದು ಉದುರಿಹೋಗಿರುತ್ತೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದ್ರೆ ಫೈಲಿನೊಳಗಿನ ಮೆಟಾಡೇಟಾನೂ ಹೋಗುತ್ತೆ. ಗೂಗಲ್‌ನವರು ಸಿಂಥ್‌ಐಡಿ ಅಂತ ಕಣ್ಣಿಗೆ ಕಾಣದ ಗುರುತು ಹಾಕ್ತಾರೆ, ಒಳ್ಳೇದೇ. ಗೋಡೆ ಮೇಲಿನ ಫ್ರೇಮಿಗೆ ಕೈಮುಗಿಯೋ ಅಪ್ಪ ಅದನ್ನು ಎಲ್ಲಿ ಚೆಕ್ ಮಾಡ್ತಾರೆ?

ಆ ಫ್ರೇಮು ಇನ್ನೂ ಗೋಡೆ ಮೇಲೇ ಇದೆ. ಇಳಿಸೋಣ ಅಂದ್ರೆ ಅಪ್ಪ "ಇರಲಿ ಬಿಡು" ಅಂತಾರೆ, ಜಾಸ್ತಿ ಒತ್ತಾಯ ಮಾಡೋಕೆ ನನಗೆ ಧೈರ್ಯ ಇಲ್ಲ. ಅದರ ಪಕ್ಕದಲ್ಲಿ ಮದುವೆಯ ಗುಂಪು ಫೋಟೋವನ್ನು ದೊಡ್ಡದು ಮಾಡಿಸಿ ಹಾಕಿದ್ದೀನಿ. ಅದರಲ್ಲಿ 32 ಮುಖಗಳಿವೆ. ದೊಡ್ಡತ್ತೆಯನ್ನು ಕೂರಿಸ್ಕೊಂಡು ಒಂದೊಂದೇ ಹೆಸರು ಬರೆದುಕೊಂಡೆ, 26 ಸಿಕ್ತು. ಉಳಿದ ಆರು ಜನ ಯಾರು ಅಂತ ಹೇಳಬಲ್ಲ ಒಬ್ಬರು ಅರಸೀಕೆರೆಯಲ್ಲಿ ಮಗನ ಮನೆಯಲ್ಲಿದ್ದಾರಂತೆ. ಈ ಶನಿವಾರ ಬೆಳಗಿನ ಟ್ರೈನಿಗೆ ಹೊರಟಿದ್ದೀನಿ.