ನಡುಗುವ ಸ್ಟೇರಿಂಗಿಗೆ ಡ್ಯಾಂಪರ್ ಮದ್ದಲ್ಲ

ಕಳೆದ ವಾರ ಒಬ್ಬ ಹುಡುಗ ನನ್ನ ಶೆಡ್ಡಿಗೆ ಜೀಪು ತಂದ. ಜೀಪು ಹಳೆಯದು, ಕೆಎಲ್ 14ರ ನಂಬರು, ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗು. ಟಯರ್ ಮಾತ್ರ ಹೊಸದು, ಕೆಸರಿನಲ್ಲಿ ಹೋಗುವಂಥ ದಪ್ಪ ಟಯರ್. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ. “ಕಾಕಾ, ಐವತ್ತು ದಾಟುವಾಗ ಸ್ಟೇರಿಂಗ್ ಗಡಗಡ ನಡುಗುತ್ತದೆ. ಇದೊಂದು ಕೂರಿಸಿ ಕೊಡಿ. ಅರ್ಧ ಗಂಟೆಯ ಕೆಲಸವಂತೆ” ಎಂದ.

ಪೆಟ್ಟಿಗೆಯಲ್ಲಿ ಇದ್ದದ್ದು ಸ್ಟೇರಿಂಗ್ ಸ್ಟೆಬಿಲೈಸರ್. ನಾವು ಗ್ಯಾರೇಜಿನವರು ಡ್ಯಾಂಪರ್ ಎನ್ನುತ್ತೇವೆ. ಒಳ್ಳೆಯ ಮಾಲು, ದುಬಾರಿ ಮಾಲು. “ಕೂರಿಸುವ. ಮೊದಲು ಅಡಿಯಲ್ಲಿ ಒಂದು ನೋಡುತ್ತೇನೆ” ಎಂದು ಜೀಪಿನಡಿಗೆ ನುಗ್ಗಿದೆ. ಟೈರಾಡಿನ ಎರಡು ಎಂಡ್‌ಗಳೂ ಕೈಗೇ ಅಲುಗುತ್ತಿದ್ದವು. ಇದನ್ನು ಬದಲಿಸದೆ ಡ್ಯಾಂಪರ್ ಹಾಕುವುದಿಲ್ಲ ಎಂದೆ. “ಇದ್ದ ದುಡ್ಡೆಲ್ಲ ಇದಕ್ಕೇ ಆಯಿತು ಕಾಕಾ” ಎಂದು ಮುಖ ಸಣ್ಣ ಮಾಡಿಕೊಂಡು ಹೊರಟುಹೋದ. ಬೇರೆ ಯಾರಾದರೂ ಕೂರಿಸಿ ಕೊಟ್ಟಿರುತ್ತಾರೆ. ಅದು ನನಗೆ ಗೊತ್ತು. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಡ್ಯಾಂಪರ್ ಏನು ಮಾಡುತ್ತದೆ ಎಂದು ಹೇಳುತ್ತೇನೆ. ಬೈಕಿನ ಶಾಕ್ ಅಬ್ಸಾರ್ಬರ್ ನೋಡಿದ್ದೀರಲ್ಲ, ಅದೇ ಜಾತಿ. ಒಂದು ಕೊಳವೆ, ಒಳಗೆ ಎಣ್ಣೆ, ಎಣ್ಣೆಯಲ್ಲಿ ಒಂದು ಪಿಸ್ಟನ್. ಒಂದು ತುದಿ ಚಾಸಿಗೋ ಆಕ್ಸಲಿಗೋ, ಇನ್ನೊಂದು ತುದಿ ಟೈರಾಡಿಗೆ. ನೀವು ನಿಧಾನವಾಗಿ ತಿರುಗಿಸಿದರೆ ಎಣ್ಣೆ ಸಣ್ಣ ತೂತುಗಳಲ್ಲಿ ಸಲೀಸಾಗಿ ಹಾದುಹೋಗುತ್ತದೆ. ಚಕ್ರಕ್ಕೆ ಕಲ್ಲು ಬಡಿದು ಫಕ್ಕನೆ ಎಳೆದರೆ ಎಣ್ಣೆ ಅಷ್ಟು ಬೇಗ ಹೋಗಲಾರದು, ಏಟು ಅಲ್ಲಿಯೇ ತಗ್ಗುತ್ತದೆ. ಇಷ್ಟೇ ಅದರ ಕೆಲಸ. ಅದು ಚಕ್ರವನ್ನು ನೇರ ಹಿಡಿದುಕೊಳ್ಳುವುದಿಲ್ಲ. ಸಡಿಲಾದ ಯಾವ ಜಾಯಿಂಟನ್ನೂ ಬಿಗಿ ಮಾಡುವುದಿಲ್ಲ.

ಇಡಿಯ ಆಕ್ಸಲ್ ಮುಂದಿರುವ ಗಾಡಿಗಳಲ್ಲಿ ಎರಡು ಚಕ್ರಗಳೂ ಒಂದೇ ಕಂಬಕ್ಕೆ ಕಟ್ಟಿದ ಎತ್ತುಗಳ ಹಾಗೆ. ಒಂದು ಹೆದರಿ ಜಗ್ಗಿದರೆ ಇನ್ನೊಂದೂ ಜಗ್ಗುತ್ತದೆ. ಎಲ್ಲಾದರೂ ಒಂದು ಕಡೆ ಸ್ವಲ್ಪ ಪ್ಲೇ ಇದ್ದರೆ ಸಾಕು. ಒಂದು ಗುಂಡಿ, ಒಂದು ನಿರ್ದಿಷ್ಟ ವೇಗ, ಆಮೇಲೆ ಎರಡೂ ಚಕ್ರ ಎಡಬಲ ಬಡಿದುಕೊಳ್ಳಲು ತೊಡಗುತ್ತವೆ. ನಮ್ಮಲ್ಲಿ ಇದಕ್ಕೆ ವಾಬ್ಲಿಂಗ್ ಎನ್ನುತ್ತಾರೆ. ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ. ಮೀಟರ್ ಬೋರ್ಡು, ಕನ್ನಡಿ, ನಮ್ಮ ಹಲ್ಲು ಎಲ್ಲವೂ ಒಟ್ಟಿಗೆ ನಡುಗುತ್ತವೆ. ಆ ಹೊತ್ತಿನಲ್ಲಿ ಬ್ರೇಕಿನ ಮೇಲೆ ನಿಂತುಬಿಡಬೇಡಿ. ಸ್ಟೇರಿಂಗ್ ಗಟ್ಟಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ಇಳಿಯಲು ಬಿಡಿ.

ನಾನು ಈ ಕೆಲಸ ಕಲಿತದ್ದು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಅಲ್ಲಿ ಹದಿನೇಳು ವರ್ಷ ಇದ್ದೆ. ನಮ್ಮ ಗ್ಯಾರೇಜಿಗೆ ಬರುತ್ತಿದ್ದದ್ದು ಹೆಚ್ಚಾಗಿ ಹಳೆಯ ನಿಸಾನ್ ಪ್ಯಾಟ್ರೋಲ್, ಟೊಯೊಟಾ ಲ್ಯಾಂಡ್ ಕ್ರೂಸರ್ 79 ಪಿಕಪ್. ಎರಡಕ್ಕೂ ಮುಂದೆ ಇಡಿಯ ಆಕ್ಸಲ್, ಕಾಯಿಲ್ ಸ್ಪ್ರಿಂಗ್, ಕಂಪನಿಯಿಂದಲೇ ಬಂದ ಡ್ಯಾಂಪರ್. ವಾರವಿಡೀ ಕೆಲಸಕ್ಕೆ ಹೋಗುವ ಗಾಡಿ, ಶುಕ್ರವಾರ ಮರಳಿಗೆ ಅಥವಾ ಹತ್ತಾ ಕಡೆಯ ವಾದಿಯ ಕಲ್ಲುಗಳ ಮೇಲೆ. ಗಾಡಿ ಎತ್ತರಿಸುತ್ತಾರೆ, ದೊಡ್ಡ ಟಯರ್ ಹಾಕುತ್ತಾರೆ, ಶನಿವಾರ ಬೆಳಿಗ್ಗೆ ನಡುಗುತ್ತಾ ನಮ್ಮ ಬಾಗಿಲಿಗೆ ಬರುತ್ತದೆ. ಗಿರಾಕಿಯ ಮಾತು ಯಾವಾಗಲೂ ಒಂದೇ: ದೊಡ್ಡ ಡ್ಯಾಂಪರ್ ಹಾಕು.

ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಪೇಶಾವರದವರು. ಅಲ್ಲಿ ಅಂಥವರನ್ನು ಉಸ್ತಾದ್ ಎನ್ನುವುದು ರೂಢಿ. ನಮ್ಮ ಮದ್ರಸದ ಉಸ್ತಾದರಷ್ಟೇ ಅವರ ಹೆದರಿಕೆಯೂ ನನಗಿತ್ತು. ಗಾಡಿ ಬಂದ ಕೂಡಲೇ ಅವರು ಮಾಡಿಸುತ್ತಿದ್ದ ಮೊದಲ ಕೆಲಸ, ಇದ್ದ ಡ್ಯಾಂಪರನ್ನೇ ಬಿಚ್ಚಿಸುವುದು. ಬಿಚ್ಚಿ, ಗ್ಯಾರೇಜಿನ ಅಂಗಳದಲ್ಲಿ ಮೆಲ್ಲನೆ ಓಡಿಸಿ, ಅಡಿಯಲ್ಲಿ ನೋಡಿಸುವುದು. ಡ್ಯಾಂಪರ್ ಇಲ್ಲದೆ ನೆಟ್ಟಗೆ ಹೋಗದ ಗಾಡಿಗೆ ಡ್ಯಾಂಪರ್ ಕೊಡಬೇಡ ಎಂಬುದು ಅವರ ಲೆಕ್ಕ. ಹೆಚ್ಚಿನ ಸಲ ತಪ್ಪು ಬೇರೆಲ್ಲೋ ಇರುತ್ತಿತ್ತು. ಪ್ಯಾನ್‌ಹಾರ್ಡ್ ರಾಡಿನ ಬುಷ್ ಸವೆದಿರುತ್ತಿತ್ತು, ಟಯರ್ ಬ್ಯಾಲೆನ್ಸ್ ತಪ್ಪಿರುತ್ತಿತ್ತು, ಅಥವಾ ಗಾಡಿ ಎತ್ತರಿಸುವಾಗ ಆಕ್ಸಲ್ ಸ್ವಲ್ಪ ಮುಂದಕ್ಕೆ ತಿರುಗಿ ಕ್ಯಾಸ್ಟರ್ ಕಡಿಮೆಯಾಗಿರುತ್ತಿತ್ತು. ಕ್ಯಾಸ್ಟರ್ ಎಂದರೆ ಸೈಕಲಿನ ಮುಂದಿನ ಫೋರ್ಕಿನ ಓರೆ ಇದ್ದ ಹಾಗೆ. ಆ ಓರೆ ಇದ್ದರೆ ಚಕ್ರ ತಾನಾಗಿ ನೇರಕ್ಕೆ ಮರಳುತ್ತದೆ, ಇಲ್ಲದಿದ್ದರೆ ಅತ್ತಿತ್ತ ಅಲೆಯುತ್ತದೆ. ಅದಕ್ಕೆ ಮದ್ದು ಕ್ಯಾಸ್ಟರ್ ಸರಿಪಡಿಸುವ ಬುಷ್, ಡ್ಯಾಂಪರ್ ಅಲ್ಲ.

ಇಷ್ಟೆಲ್ಲ ಕಲಿತವನು ನಾನು. ಹಾಗಿದ್ದೂ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು.

ನನ್ನ ಮಾಮನ ಮಗ ಬಾಯಾರು ಕಡೆ ಬಾಡಿಗೆಗೆ ಜೀಪು ಓಡಿಸುತ್ತಿದ್ದ. ಗುಡ್ಡೆಯ ಮೇಲಿನ ತೋಟಗಳಿಂದ ಅಡಿಕೆ ಇಳಿಸುವುದು, ಗೊಬ್ಬರ ಹತ್ತಿಸುವುದು, ಬೆಳಿಗ್ಗೆ ಕೆಲಸದವರನ್ನು ಬಿಟ್ಟು ಸಂಜೆ ಕರೆತರುವುದು. ಒಂದು ದಿನ ವಾಟ್ಸಾಪಿನಲ್ಲಿ ವಾಯ್ಸ್ ಹಾಕಿದ, ಸ್ಟೇರಿಂಗ್ ಕೈಯಲ್ಲಿ ನಿಲ್ಲುತ್ತಿಲ್ಲ ಎಂದು. ಊರಿನ ಮೆಕ್ಯಾನಿಕ್ ನೋಡಿ, ಟೈರಾಡ್ ಎಂಡ್ ಹೋಗಿದೆ, ಕಿಂಗ್‌ಪಿನ್ನಿನ ಬೇರಿಂಗೂ ಹೋಗಿದೆ, ನಾಲ್ಕು ದಿನ ಗಾಡಿ ಬಿಡಬೇಕು ಎಂದಿದ್ದರಂತೆ. ಅಡಿಕೆ ಕೊಯ್ಲಿನ ಸಮಯ. ನಾಲ್ಕು ದಿನ ಜೀಪು ನಿಂತರೆ ಮನೆಯೂ ನಿಂತ ಹಾಗೆ.

ನಾನು ಆಗ ಊರಿಗೆ ಪೆಟ್ಟಿಗೆ ಕಟ್ಟುತ್ತಿದ್ದೆ. ಹಾಲಿನ ಪುಡಿ, ಕೊಡಲಿ ಎಣ್ಣೆ, ಉಮ್ಮನಿಗೆ ಕಂಬಳಿ. ಅದರ ನಡುವೆ ಗ್ಯಾಸ್ ತುಂಬಿದ ಒಂದು ಗಟ್ಟಿ ಡ್ಯಾಂಪರನ್ನೂ ಇಟ್ಟೆ. “ಇದನ್ನು ಹಾಕಿಸು, ಸರಿಯಾಗುತ್ತದೆ. ಊರಿನವರಿಗೆ ಇದೆಲ್ಲ ಎಲ್ಲಿ ಗೊತ್ತು” ಎಂದು ಫೋನಿನಲ್ಲಿ ಹೇಳಿದೆ. ಆ ಕೊನೆಯ ಮಾತು ಇವತ್ತಿಗೂ ನನ್ನ ಕಿವಿಯಲ್ಲಿ ಉಂಟು. ಗಲ್ಫಿನಲ್ಲಿ ಕೂತವನಿಗೆ ದೂರದಿಂದ ಒಂದು ವಸ್ತು ಕಳಿಸುವುದು ಸುಲಭ. ಗಾಡಿ ನಿಲ್ಲಿಸು, ಆ ನಾಲ್ಕು ದಿನದ ಬಾಡಿಗೆ ನಾನು ಕೊಡುತ್ತೇನೆ ಎನ್ನಲು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಡ್ಯಾಂಪರ್ ಹಾಕಿದರು. ನಡುಕ ನಿಂತಿತು. “ಕಾಕಾ, ಈಗ ಹೊಸ ಗಾಡಿಯ ಹಾಗೆ ಹೋಗುತ್ತದೆ” ಎಂದು ಅವನು ಖುಷಿಯಿಂದ ವಾಯ್ಸ್ ಕಳಿಸಿದ. ಎಂಟು ತಿಂಗಳು ಹಾಗೆಯೇ ಓಡಿದ. ನಡುಕವೇ ಇಲ್ಲದ ಮೇಲೆ ಟೈರಾಡ್ ಎಂಡ್ ಯಾರಿಗೆ ನೆನಪಾಗುತ್ತದೆ? ಅದು ಸವೆಯುತ್ತಲೇ ಇತ್ತು. ಮಳೆಗಾಲದ ಒಂದು ಸಂಜೆ ಕೆಲಸದವರನ್ನು ಕರೆದುಕೊಂಡು ಇಳಿಜಾರು ಇಳಿಯುವಾಗ ಬಾಲ್ ಜಾಯಿಂಟ್ ಕಳಚಿತು. ಒಂದು ಚಕ್ರ ಸ್ಟೇರಿಂಗಿನ ಮಾತು ಕೇಳಿತು, ಇನ್ನೊಂದು ಕೇಳಲಿಲ್ಲ. ಬಲಕ್ಕೆ ತೋಡು, ಎಡಕ್ಕೆ ಮಣ್ಣಿನ ಬರೆ. ಜೀಪು ಬರೆಗೆ ಗುದ್ದಿ ನಿಂತಿತು. ಅಲ್ಲಾಹನ ಕೃಪೆ, ಜೀವ ಹೋಗಲಿಲ್ಲ. ಮಾಮನ ಮಗನ ಮಣಿಕಟ್ಟು ಮುರಿಯಿತು. ಹಿಂದೆ ಕೂತಿದ್ದ ಒಬ್ಬರು ಹೆಂಗಸಿನ ಭುಜದ ಎಲುಬು ಮುರಿದು ಮೂರು ತಿಂಗಳು ಕೆಲಸಕ್ಕೆ ಹೋಗಲಾಗಲಿಲ್ಲ.

ರಜೆಯಲ್ಲಿ ಬಂದಾಗ ಜೀಪಿನಡಿಗೆ ಹೋಗಿ ನೋಡಿದೆ. ನಾನು ಕಳಿಸಿದ ಡ್ಯಾಂಪರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದರ ಪಕ್ಕದ ಜಾಯಿಂಟಿನ ಬಟ್ಟಲು ಖಾಲಿ. ಊರಿನ ಮೆಕ್ಯಾನಿಕ್ ಹೇಳಿದ್ದೇ ಸರಿ ಇತ್ತು. ಆ ಹೆಂಗಸಿನ ಮನೆಗೆ ಹೋಗಿ, ಮೂರು ತಿಂಗಳ ಕೂಲಿ ಕೊಟ್ಟು, ತಪ್ಪು ನನ್ನದು ಎಂದೆ. “ನೀವೇನು ಗಾಡಿಯಲ್ಲಿ ಇದ್ದಿರಾ ಕಾಕಾ?” ಎಂದು ಅವರು ನನ್ನನ್ನೇ ಸಮಾಧಾನ ಮಾಡಿದರು. ಆ ಮಾತಿನಿಂದ ನನಗೆ ಇನ್ನೂ ಹೆಚ್ಚು ನಾಚಿಕೆಯಾಯಿತು.

ಹಾಗಾಗಿ ನನ್ನ ಅಭಿಪ್ರಾಯ ಇದು. ನಡುಕ ಎನ್ನುವುದು ಗಾಡಿ ನಮಗೆ ಹೇಳುವ ಮಾತು. ದೊಡ್ಡ ಡ್ಯಾಂಪರ್ ಹಾಕಿದರೆ ಆ ಬಾಯಿ ಮುಚ್ಚುತ್ತದೆ, ರೋಗ ಮುಂದುವರಿಯುತ್ತದೆ. ಜ್ವರ ಬಂದವನಿಗೆ ಮಾತ್ರೆ ಕೊಟ್ಟು ಮೈ ತಣ್ಣಗಾಯಿತು ಎಂದು ಗದ್ದೆಗೆ ಕಳಿಸಿದ ಹಾಗೆ.

ಹಾಗಾದರೆ ಡ್ಯಾಂಪರ್ ಬದಲಿಸುವುದೇ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಹಳೆಯ ಡ್ಯಾಂಪರಿನಿಂದ ಎಣ್ಣೆ ಸೋರಿದ್ದರೆ, ಬಿಚ್ಚಿ ಕೈಯಲ್ಲಿ ಎಳೆದಾಗ ನಡುವೆ ಎಲ್ಲೋ ತಡೆಯೇ ಇಲ್ಲದಿದ್ದರೆ, ಬದಲಿಸಲೇಬೇಕು. ಭಾರದ ಟಯರ್ ಇದ್ದು, ಕಲ್ಲು ಹಾದಿಯಲ್ಲಿ ದಿನಾ ಹೋಗುವವರಿಗೆ ಸ್ಟೇರಿಂಗಿನ ಪೆಟ್ಟು ಬೆರಳು ಮುರಿಯುವಷ್ಟು ಜೋರಾಗಿರುತ್ತದೆ. ಅಂಥವರಿಗೆ ಗಟ್ಟಿ ಡ್ಯಾಂಪರ್ ಖಂಡಿತ ಉಪಕಾರ ಮಾಡುತ್ತದೆ. ಇಡಿಯ ಆಕ್ಸಲಿನ ಈಗಿನ ಜಿಮ್ನಿಗೆ ಕಂಪನಿಯೇ ಡ್ಯಾಂಪರ್ ಇಟ್ಟು ಕೊಡುತ್ತದೆ. ನಾನು ಹೇಳುವುದು ಸಾಲಿನ ಬಗ್ಗೆ. ಡ್ಯಾಂಪರ್ ಸಾಲಿನ ಕೊನೆಗೆ ನಿಲ್ಲಬೇಕು, ಮೊದಲಿಗೆ ಅಲ್ಲ. ಇನ್ನು 2020ರ ನಂತರದ ಥಾರಿಗೆ ಮುಂದೆ ಇಡಿಯ ಆಕ್ಸಲೇ ಇಲ್ಲ, ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಶನ್. ಅದು ನಡುಗಿದರೆ ಮೊದಲು ಟಯರ್ ಅಂಗಡಿಗೆ ಹೋಗಿ ಬ್ಯಾಲೆನ್ಸಿಂಗ್ ಮಾಡಿಸಿ ನೋಡಿ.

ನೋಡುವ ಕ್ರಮ ಕಷ್ಟದ್ದಲ್ಲ. ಟಯರ್ ಗಾಳಿ, ಬ್ಯಾಲೆನ್ಸ್, ರಿಮ್ ಡೊಂಕು ಇದೆಯೇ ಎಂದು ಮೊದಲು ನೋಡಿ. ಆಮೇಲೆ ಗಾಡಿಯನ್ನು ನೆಲದ ಮೇಲೆಯೇ ನಿಲ್ಲಿಸಿ, ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಎಡಬಲ ಆಡಿಸುತ್ತಿರಲಿ, ಇನ್ನೊಬ್ಬರು ಒಂದೊಂದು ಜಾಯಿಂಟಿಗೂ ಕೈಯಿಟ್ಟು ನೋಡಲಿ. ಪ್ಲೇ ಇದ್ದಲ್ಲಿ ಕೈಗೆ ಟಕ್ ಎಂದು ಗೊತ್ತಾಗುತ್ತದೆ. ನಂತರ ಜ್ಯಾಕ್ ಹಾಕಿ, ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಅಲುಗಿದರೆ ವೀಲ್ ಬೇರಿಂಗ್ ಅಥವಾ ಕಿಂಗ್‌ಪಿನ್. ಎಡಬಲ ಹಿಡಿದಾಗ ಮಾತ್ರ ಅಲುಗಿದರೆ ಹೆಚ್ಚಾಗಿ ಟೈರಾಡ್ ಎಂಡ್. ಲೀಫಿನ ಶ್ಯಾಕಲ್ ಬುಷ್, ಸ್ಟೇರಿಂಗ್ ಬಾಕ್ಸಿನ ಬೋಲ್ಟು, ಕೊನೆಗೆ ಅಲೈನ್‌ಮೆಂಟ್. ಇದೆಲ್ಲ ಸರಿಯಾದ ಮೇಲೂ ನಿಮಗೆ ಡ್ಯಾಂಪರ್ ಬೇಕೆನಿಸಿದರೆ ಧಾರಾಳವಾಗಿ ಹಾಕಿಸಿ.

ಹಾಕಿಸುವಾಗ ಮೂರು ವಿಷಯ ನೆನಪಿಡಿ. ಒಂದು, ಸ್ಟೇರಿಂಗಿಗೆಂದೇ ಮಾಡಿದ್ದನ್ನೇ ಹಾಕಿ. ಕೆಲವರು ಸಾಮಾನ್ಯ ಶಾಕ್ ಅಬ್ಸಾರ್ಬರನ್ನೇ ಅಡ್ಡ ಕಟ್ಟುತ್ತಾರೆ. ಅದು ಹಿಗ್ಗುವಾಗ ಒಂದು ತಡೆ, ಕುಗ್ಗುವಾಗ ಇನ್ನೊಂದು ತಡೆ ಇರುವ ವಸ್ತು. ಸ್ಟೇರಿಂಗ್ ಒಂದು ಕಡೆಗೆ ಭಾರ, ಇನ್ನೊಂದು ಕಡೆಗೆ ಹಗುರ ಆಗುತ್ತದೆ. ಅಡ್ಡ ಮಲಗಿಸಿದರೆ ಒಳಗಿನ ಗಾಳಿ ಎಣ್ಣೆಯಲ್ಲಿ ಬೆರೆತು ಕೆಲಸವೂ ಕೆಡುತ್ತದೆ. ಎರಡು, ಗ್ಯಾಸಿನದ್ದು ತಾನಾಗಿಯೇ ಹಿಗ್ಗಲು ನೋಡುತ್ತದೆ, ಹಾಕಿದ ಮೇಲೆ ಗಾಡಿ ಒಂದು ಬದಿಗೆ ಎಳೆಯುತ್ತದೆಯೇ ಎಂದು ಓಡಿಸಿ ನೋಡಿ. ಮೂರು, ಸ್ಟೇರಿಂಗನ್ನು ಎರಡೂ ಕಡೆಗೆ ಕೊನೆಯ ತನಕ ತಿರುಗಿಸಿ ನೋಡಿ. ಚಕ್ರ ತನ್ನ ಸ್ಟಾಪರಿಗೆ ತಾಗುವ ಮೊದಲೇ ಡ್ಯಾಂಪರ್ ಮುಗಿದುಹೋಗಬಾರದು. ಹಾಗಾದರೆ ಬ್ರ್ಯಾಕೆಟ್ ಕಿತ್ತುಬರುತ್ತದೆ.

ಇನ್ನೊಂದು ಮಾತು. ಗಾಡಿ ಎತ್ತರಿಸುವುದು, ಟಯರ್ ಅಳತೆ ಬದಲಿಸುವುದು ಬರೀ ನಮ್ಮ ಇಷ್ಟದ ಸಂಗತಿಯಲ್ಲ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸಬಾರದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೇರಳದ್ದೇ ಒಂದು ಪ್ರಕರಣದಲ್ಲಿ. ತಲಪಾಡಿ ದಾಟಿ ಮಂಗಳೂರಿನಲ್ಲಿ ಫಿಟ್ ಮಾಡಿಸಿಕೊಂಡು ಬಂದರೂ ಕಾನೂನು ಎರಡೂ ಕಡೆ ಒಂದೇ.

ಗಲ್ಫಿನಲ್ಲಿರುವ ನಮ್ಮ ಮಕ್ಕಳಿಗೂ ಒಂದು ವಿನಂತಿ. ಊರಿನಿಂದ ಗಾಡಿ ನಡುಗುತ್ತದೆ ಎಂದು ಫೋನ್ ಬಂದರೆ ಪೆಟ್ಟಿಗೆಯಲ್ಲಿ ಸಾಮಾನು ಇಡುವ ಮೊದಲು, ಅಲ್ಲಿ ಅಡಿಗೆ ಹೋಗಿ ನೋಡಿದ ಮೆಕ್ಯಾನಿಕ್ ಏನು ಹೇಳಿದ ಎಂದು ಕೇಳಿ. ಗಾಡಿ ನಾಲ್ಕು ದಿನ ನಿಲ್ಲಬೇಕಾದರೆ ಆ ನಾಲ್ಕು ದಿನದ ದುಡ್ಡು ಕಳಿಸಿ.

ಮೊನ್ನೆ ಬಂದು ಹೋದ ಆ ಹುಡುಗ ಇದನ್ನು ಓದುತ್ತಾನೋ ಗೊತ್ತಿಲ್ಲ. ಓದಿದರೆ, ಮೋನೇ, ಜೀಪು ತೆಗೆದುಕೊಂಡು ಬಾ. ಟೈರಾಡ್ ಎಂಡ್ ನಾನು ತಂದಿಟ್ಟಿದ್ದೇನೆ. ದುಡ್ಡು ಆದಾಗ ಕೊಡು. ಅದಾದ ಮೇಲೆ ನಿನ್ನ ಡ್ಯಾಂಪರನ್ನೂ ಕೂರಿಸುವ.