ಗುಂಡಿ ಒತ್ತುವವರಿದ್ದಾರೆ, ಕಿಟಕಿಯಲ್ಲಿ ಯಾರೂ ಇಲ್ಲ

ತೆಲಂಗಾಣದಲ್ಲಿ ಇಂಟರ್ ಫಲಿತಾಂಶವನ್ನು ಸಿನಿಮಾದ ಹಾಗೆ ಬಿಡುಗಡೆ ಮಾಡುತ್ತಾರೆ. ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಬೆನ್ನಿಗೆ ಬ್ಯಾನರು, ಎದುರಿಗೆ ಕ್ಯಾಮೆರಾಗಳ ಸಾಲು. ದೊಡ್ಡವರೊಬ್ಬರು ಗುಂಡಿ ಒತ್ತುತ್ತಾರೆ, ಅಕ್ಕಪಕ್ಕದವರು ಚಪ್ಪಾಳೆ ತಟ್ಟುತ್ತಾರೆ. ಅದೇ ಗಳಿಗೆಗೆ ಹೈದರಾಬಾದಿನ ಮಲ್ಕಾಜ್‌ಗಿರಿಯ ಆನಂದಬಾಗ್, ಮಿರ್ಜಾಲಗುಡಾ, ಸಫಿಲ್‌ಗುಡಾದ ಮನೆಗಳಲ್ಲಿ ಮೊಬೈಲ್ ಪರದೆಯ ಮೇಲೊಂದು ಚಕ್ರ ತಿರುಗಲು ಶುರುವಾಗುತ್ತದೆ. ಲಕ್ಷಗಟ್ಟಲೆ ಮಂದಿ ಒಂದೇ ನಿಮಿಷದಲ್ಲಿ ಒಂದೇ ಬಾಗಿಲಿಗೆ ಮುಗಿಬಿದ್ದರೆ ಎಂಥ ಸರ್ವರಾದರೂ ಕೂತುಬಿಡುತ್ತದೆ. ಆ ನೂಕುನುಗ್ಗಲಿಗೆ ಕಾರಣವೇ ಸಮಾರಂಭ. ಪಾಸ್‌ಬುಕ್ಕಿಗೆ ಬಡ್ಡಿ ಜಮೆ ಮಾಡಲು ಬ್ಯಾಂಕಿನವರು ಮಂತ್ರಿಯನ್ನು ಕರೆಯುವುದಿಲ್ಲ. ಮಕ್ಕಳ ಅಂಕಪಟ್ಟಿಗೆ ಮಾತ್ರ ಮುಹೂರ್ತ ಬೇಕು.

ಕಲಬುರಗಿ, ಬೀದರ್, ರಾಯಚೂರಿನಿಂದ ಬಂದು ಈ ಊರಲ್ಲಿ ನೆಲೆಸಿದ ಮನೆಗಳಿಗೆ ಇನ್ನೊಂದು ಕಷ್ಟವಿದೆ. ಊರಿಂದ ಅತ್ತೆ ಫೋನ್ ಮಾಡಿ ‘ಪಿಯುಸಿ ರಿಸಲ್ಟ್ ಏನಾತು?’ ಎಂದು ಕೇಳುತ್ತಾರೆ. ಇಲ್ಲಿ ಅದು ಇಂಟರ್, ಎಸ್ಸೆಸ್ಸೆಲ್ಸಿ ಎಂಬುದು ಎಸ್ಸೆಸ್ಸಿ. ಕರ್ನಾಟಕದಲ್ಲಿ ಇವೆರಡೂ ಈಗ ಒಂದೇ ಮಂಡಳಿಯ ಕೈಯಲ್ಲಿವೆ. ತೆಲಂಗಾಣದಲ್ಲಿ ಬೇರೆ ಬೇರೆ. ಹತ್ತನೆಯದಕ್ಕೆ ದೂರು ಕೊಡುವ ಜಾಗ ಒಂದು, ಇಂಟರ್‌ಗೆ ಇನ್ನೊಂದು. ಸಿಬಿಎಸ್‌ಇ ಮಕ್ಕಳದು ಮೂರನೆಯ ದಾರಿ. ಒಂದೇ ಅಪಾರ್ಟ್‌ಮೆಂಟಿನ ಮೂರು ಮಕ್ಕಳಿಗೆ ಮೂರು ವೆಬ್‌ಸೈಟು, ಮೂರು ಗಡುವು. ಪಕ್ಕದ ಮನೆಯವರ ಸಲಹೆ ಕೇಳಿ ಗಡುವು ತಪ್ಪಿಸಿಕೊಳ್ಳುವುದು ಪ್ರತಿವರ್ಷದ ಕಥೆ.

ಫಲಿತಾಂಶದ ಯಂತ್ರ ಕೆಟ್ಟರೆ ಏನಾಗುತ್ತದೆಂಬುದಕ್ಕೆ 2019ರ ಏಪ್ರಿಲ್‌ಗಿಂತ ದೊಡ್ಡ ಸಾಕ್ಷಿ ಬೇಡ. ಆ ತಿಂಗಳ 18ರಂದು ಇಂಟರ್ ಫಲಿತಾಂಶ ಬಂತು. ಪರೀಕ್ಷೆ ಬರೆದವರು ಒಂಬತ್ತು ಲಕ್ಷಕ್ಕೂ ಹೆಚ್ಚು, ಫೇಲಾದವರು ಮೂರು ಲಕ್ಷಕ್ಕೂ ಹೆಚ್ಚು. ದತ್ತಾಂಶ ಸಂಸ್ಕರಣೆಯನ್ನು ಹೊಸದಾಗಿ ಒಂದು ಖಾಸಗಿ ಕಂಪನಿಗೆ ವಹಿಸಲಾಗಿತ್ತು. ಪರೀಕ್ಷೆ ಬರೆದವರು ಗೈರುಹಾಜರೆಂದು ಕಂಡರು. ಮಂಚೇರಿಯಲ್ ಜಿಲ್ಲೆಯ ಒಬ್ಬ ಹುಡುಗಿ ಮೊದಲ ವರ್ಷದಲ್ಲಿ ಜಿಲ್ಲೆಗೇ ಹೆಸರು ತಂದವಳು. ಎರಡನೇ ವರ್ಷದ ತೆಲುಗಿನಲ್ಲಿ ಆಕೆಗೆ ಬಂದದ್ದು ಸೊನ್ನೆ. ಉತ್ತರಪತ್ರಿಕೆ ತೆಗೆದು ನೋಡಿದರೆ 99. ಮೌಲ್ಯಮಾಪಕರು ಒಎಂಆರ್ ಹಾಳೆಯಲ್ಲಿ ಒಂಬತ್ತರ ಬದಲು ಸೊನ್ನೆಯ ವೃತ್ತಗಳನ್ನು ತುಂಬಿದ್ದರು. ಅದನ್ನು ಪರಿಶೀಲಿಸಬೇಕಾದವರು ಪರಿಶೀಲಿಸಲಿಲ್ಲ. ಬೇರೆಲ್ಲ ವಿಷಯಗಳಲ್ಲಿ ತೊಂಬತ್ತರ ಆಸುಪಾಸಿನಲ್ಲಿರುವ ಹುಡುಗಿಗೆ ಮಾತೃಭಾಷೆಯಲ್ಲಿ ಸೊನ್ನೆ ಏಕೆ ಎಂದು ಕಂಪ್ಯೂಟರ್ ಕೇಳಲಿಲ್ಲ, ಕೇಳು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಳ್ಳಿಯ ಕಿರಾಣಿ ಅಂಗಡಿಯ ಶೆಟ್ಟರಾದರೂ ದಿನಾ ನೂರು ರೂಪಾಯಿ ಕೊಳ್ಳುವ ಮನೆಯ ಲೆಕ್ಕದಲ್ಲಿ ಸೊನ್ನೆ ಕಂಡರೆ ಒಮ್ಮೆ ಕನ್ನಡಕ ಏರಿಸಿ ನೋಡುತ್ತಾರೆ.

ಮುಂದಿನ ಕೆಲವು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಜೀವ ಕಳೆದುಕೊಂಡರು. ಇಂಟರ್ ಬೋರ್ಡಿನ ಕಚೇರಿಯೆದುರು ತಂದೆತಾಯಂದಿರು ನಿಂತರು, ಪೊಲೀಸರೂ ನಿಂತರು. ಆಮೇಲೆ ತ್ರಿಸದಸ್ಯ ಸಮಿತಿ ಬಂತು. ಫೇಲಾದ ಎಲ್ಲರ ಉತ್ತರಪತ್ರಿಕೆಗಳನ್ನು ಉಚಿತವಾಗಿ ಮರುಪರಿಶೀಲಿಸಬೇಕೆಂಬ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರ ಆದೇಶವೂ ಬಂತು. ಮೇ ಕೊನೆಗೆ ಲೆಕ್ಕ ಸಿಕ್ಕಿತು: ಸಾವಿರದ ನೂರಕ್ಕೂ ಹೆಚ್ಚು ಮಕ್ಕಳು ನಿಜಕ್ಕೂ ಪಾಸಾಗಿದ್ದರು. ಮೂರು ಲಕ್ಷದಲ್ಲಿ ಇದು ಅತ್ಯಲ್ಪವೆಂದು ಅಧಿಕಾರಿಗಳು ಸಮಾಧಾನಪಟ್ಟುಕೊಂಡರು. ಶೇಕಡಾವಾರು ಎಂಬ ವಿದ್ಯೆ ಇರುವುದೇ ಇಂಥ ಸಮಾಧಾನಕ್ಕೆ. ಇಷ್ಟರಲ್ಲೇ ಕಥೆ ಮುಗಿಯಲಿಲ್ಲ. ತೀರಿಹೋದ ಹುಡುಗಿಯೊಬ್ಬಳು ಮರುಪರಿಶೀಲನೆಯಲ್ಲಿ ಪಾಸಾಗಿದ್ದಾಳೆಂದು ಬೋರ್ಡಿನ ವೆಬ್‌ಸೈಟ್ ತೋರಿಸಿತು. ಸುದ್ದಿಯಾದ ಮೇಲೆ, ಅದು ಗುಮಾಸ್ತರ ಕೈತಪ್ಪು, ಆಕೆ ಫೇಲಾದದ್ದೇ ನಿಜ ಎಂದು ಸ್ಪಷ್ಟನೆ ಹೊರಟಿತು. ಆ ಸ್ಪಷ್ಟನೆಯನ್ನು ಟೈಪ್ ಮಾಡಿದವರ ಕೈ ನಡುಗಿತೋ ಇಲ್ಲವೋ.

ಅದೇ ಬೇಸಿಗೆಯಲ್ಲಿ ಮಲ್ಕಾಜ್‌ಗಿರಿಯಿಂದ ಲೋಕಸಭೆಗೆ ಗೆದ್ದವರು ರೇವಂತ್ ರೆಡ್ಡಿ. ಮುಂದೆ 2023ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿಯಾದಾಗ ಶಿಕ್ಷಣ ಖಾತೆಯನ್ನೂ ತಮ್ಮಲ್ಲೇ ಇಟ್ಟುಕೊಂಡರು. ಈ ಭಾಗದ ಮಕ್ಕಳ ಕಷ್ಟ ಗೊತ್ತಿಲ್ಲವೆನ್ನುವ ಅವಕಾಶ ಅವರಿಗಿಲ್ಲ.

2019ರ ನಂತರ ಬಂದದ್ದು ಕೊರೊನಾ. ಆಗಿನ ಎಲ್ಲ ವರ್ಷಗಳನ್ನು ಹೇಳುತ್ತ ಹೋಗುವುದಕ್ಕಿಂತ ಒಂದೇ ಬ್ಯಾಚಿನ ಬೆನ್ನು ಹಿಡಿದರೆ ಸಾಕು. 2020ರ ಮಾರ್ಚ್ 19ರಂದು ಆ ಮಕ್ಕಳು ಹತ್ತನೇ ತರಗತಿ ಪರೀಕ್ಷೆಗೆ ಕೂತರು. ಮೂರು ಪತ್ರಿಕೆ ಮುಗಿಯುವಷ್ಟರಲ್ಲಿ ಪರೀಕ್ಷೆ ನಿಂತಿತು. ಜೂನ್‌ನಲ್ಲಿ ಹೈಕೋರ್ಟು ಹೈದರಾಬಾದ್ ಮಹಾನಗರ ಪಾಲಿಕೆಯ ಪ್ರದೇಶ ಮತ್ತು ರಂಗಾರೆಡ್ಡಿಯನ್ನು ಬಿಟ್ಟು ಉಳಿದೆಡೆ ನಡೆಸಬಹುದೆಂದಿತು. ಎಂದರೆ ಪಾಲಿಕೆಯೊಳಗಿದ್ದ ಮಲ್ಕಾಜ್‌ಗಿರಿಯ ಹುಡುಗ ಮನೆಯಲ್ಲಿ, ಮಹಬೂಬ್‌ನಗರದ ಅವನ ಚಿಕ್ಕಪ್ಪನ ಮಗ ಪರೀಕ್ಷಾ ಕೊಠಡಿಯಲ್ಲಿ. ಈ ಇಬ್ಬಗೆ ಆಗದೆಂದು ಸರ್ಕಾರ ಜೂನ್ 8ರಂದು ಪರೀಕ್ಷೆಯನ್ನೇ ರದ್ದುಮಾಡಿ 5,34,903 ಮಕ್ಕಳನ್ನೂ ಪಾಸು ಮಾಡಿತು. ಅದೇ ಮಕ್ಕಳು ಇಂಟರ್ ಸೇರಿದರು. ಸೆಪ್ಟೆಂಬರಿನಿಂದ ದೂರದರ್ಶನ ಯಾದಗಿರಿ ಮತ್ತು ಟಿ-ಸ್ಯಾಟ್ ವಾಹಿನಿಗಳಲ್ಲಿ, ಫೋನಿನಲ್ಲಿ ಪಾಠ. ಒಂದು ಫೋನು, ಎರಡು ಮಕ್ಕಳು, ಕೆಲಸಕ್ಕೆ ಫೋನ್ ಬೇಕಾದ ಅಪ್ಪ: ಮನೆಮನೆಯ ಆ ವೇಳಾಪಟ್ಟಿಯನ್ನು ಯಾವ ಬೋರ್ಡೂ ಓದಲಿಲ್ಲ. ಪರೀಕ್ಷೆಯಿಲ್ಲದೆ ಅವರು ಎರಡನೇ ವರ್ಷಕ್ಕೆ ಹೋದರು. ಆ ವರ್ಷದ ಪಾಠ ನಡೆಯುತ್ತಿರುವಾಗ, 2021ರ ಅಕ್ಟೋಬರ್ 25ರಿಂದ, ಮೊದಲ ವರ್ಷದ ಪರೀಕ್ಷೆ ಬರೆಯಿರಿ ಎಂದರು. ಡಿಸೆಂಬರ್ 16ರ ಫಲಿತಾಂಶದಲ್ಲಿ 4,59,242 ಮಂದಿಯ ಪೈಕಿ ಪಾಸಾದವರು 2,24,012, ಶೇ 49. ಮತ್ತೆ ಸಾವುಗಳು, ಮತ್ತೆ ಧರಣಿ. ಡಿಸೆಂಬರ್ 24ರಂದು ಫೇಲಾದವರಿಗೆಲ್ಲ 35 ಅಂಕ ಕೊಟ್ಟು ಪಾಸು ಮಾಡಲಾಯಿತು.

ಎಂಟು ದಿನ. ಡಿಸೆಂಬರ್ 16ರಂದು ದಡ್ಡರಾಗಿದ್ದ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು 24ಕ್ಕೆ ಜಾಣರಾದರು. ಉತ್ತರಪತ್ರಿಕೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಇದನ್ನು ಉದಾರತೆ ಎಂದು ಕರೆದವರಿದ್ದಾರೆ. ಆ ಉದಾರತೆ ಎಂಟು ದಿನ ಮೊದಲೇ, ಗುಂಡಿ ಒತ್ತುವ ಮುಂಚೆಯೇ ಬರಬಹುದಿತ್ತು. ಶೇ 49 ಎಂಬ ಅಂಕಿ ಮೇಜಿಗೆ ಬಂದಾಗ, ಮಕ್ಕಳು ಓದಲಿಲ್ಲವೋ ಪಾಠವೇ ತಲುಪಲಿಲ್ಲವೋ ಎಂದು ಒಂದು ಸಂಜೆ ಕೂತು ಯೋಚಿಸಿದ್ದರೆ ಸಾಕಿತ್ತು.

ಪರದೇಶದವರೇನೂ ಮೇಲಲ್ಲ. 2020ರ ಆಗಸ್ಟ್ 13ರಂದು ಇಂಗ್ಲೆಂಡಿನಲ್ಲಿ ಎ-ಲೆವೆಲ್ ಫಲಿತಾಂಶವನ್ನು ಒಂದು ಗಣಿತಸೂತ್ರ ನಿರ್ಧರಿಸಿತು. ಶಿಕ್ಷಕರು ಕೊಟ್ಟಿದ್ದ ದರ್ಜೆಗಳಲ್ಲಿ ಸುಮಾರು ಶೇ 40ರಷ್ಟು ಕೆಳಗಿಳಿದವು. ನಾಲ್ಕನೇ ದಿನಕ್ಕೆ ಸರ್ಕಾರ ಸೂತ್ರವನ್ನು ಬಿಸಾಡಿ ಶಿಕ್ಷಕರ ದರ್ಜೆಗೆ ಮರಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್) ಪರೀಕ್ಷೆ ಮನೆಯಿಂದಲೇ ನಡೆದಾಗ ಐಫೋನಿನಲ್ಲಿ ತೆಗೆದ ಉತ್ತರದ ಚಿತ್ರಗಳನ್ನು ವೆಬ್‌ಸೈಟ್ ಒಪ್ಪಲಿಲ್ಲ. ಫೋಟೊದ ಫೈಲಿನ ಮಾದರಿಯೇ ಬೇರೆಯಾಗಿತ್ತು. ವರ್ಷವಿಡೀ ಓದಿದ್ದು ಫೈಲಿನ ಹೆಸರಿನ ಕೊನೆಯ ನಾಲ್ಕಕ್ಷರಕ್ಕೆ ಸಿಕ್ಕಿಕೊಂಡಿತು. ತವರಿನವರೂ ನಗುವ ಹಾಗಿಲ್ಲ. 2016ರಲ್ಲಿ ಕರ್ನಾಟಕದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪತ್ರಿಕೆ ಒಮ್ಮೆಯಲ್ಲ, ಎರಡು ಸಲ ಸೋರಿತು. 2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ಕ್ಯಾಮೆರಾ ಬಂದಾಗ ತೇರ್ಗಡೆ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಆದರೂ ಅದೇ ವರ್ಷ ಕರ್ನಾಟಕ ಮೂರು ಪರೀಕ್ಷೆಗಳ ಪದ್ಧತಿ ತಂದು, ಉತ್ತಮ ಅಂಕ ಯಾವುದೋ ಅದನ್ನು ಉಳಿಸಿಕೊಳ್ಳುವ ಅವಕಾಶ ಕೊಟ್ಟದ್ದು ಮೆಚ್ಚತಕ್ಕ ಕೆಲಸ.

ಇಂಥ ಹೊತ್ತಿನಲ್ಲಿ ಮನೆಯವರು ಮಾಡಬಹುದಾದ ಸಹಾಯದಲ್ಲಿ ಧೈರ್ಯದ ಮಾತಿಗಿಂತ ಕಾಗದದ ಪಾಲು ದೊಡ್ಡದು. ಹಾಲ್ ಟಿಕೆಟ್ಟಿನ ಎರಡು ಜೆರಾಕ್ಸ್ ಮನೆಯಲ್ಲಿರಬೇಕು. ಶುಲ್ಕ ಬಾಕಿಯ ನೆಪದಲ್ಲಿ ಕಾಲೇಜು ಅದನ್ನು ತಡೆಹಿಡಿದರೆ ಅಂಜಬೇಕಿಲ್ಲ. ಬೋರ್ಡಿನ ವೆಬ್‌ಸೈಟಿನಿಂದ ನೇರವಾಗಿ ಇಳಿಸಿಕೊಳ್ಳಬಹುದು. ಫಲಿತಾಂಶದ ದಿನ ಮೊದಲ ಒಂದು ಗಂಟೆ ಪರದೆ ಉಜ್ಜುತ್ತ ಕೂರುವುದು ದಂಡ. ಅಂಕಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಪುಟ ತೆರೆದ ಮೇಲೆ ಮೊತ್ತ ನೋಡುವ ಮುಂಚೆ ವಿಷಯವಾರು ನೋಡಬೇಕು: ಬರೆದ ಪತ್ರಿಕೆಗೆ ಗೈರು ಬಿದ್ದಿದೆಯೇ, ಪ್ರಾಕ್ಟಿಕಲ್ ಅಂಕ ಸೇರಿದೆಯೇ, ಮಗುವಿನ ಅಂದಾಜಿಗೂ ಬಂದ ಅಂಕಕ್ಕೂ ಆಕಾಶ–ಭೂಮಿ ಅಂತರವಿದೆಯೇ. ಮಗು ಹೇಳಿದ್ದನ್ನು ನಂಬುವುದು ಇಲ್ಲಿ ಮೊದಲ ಕೆಲಸ. ‘ಕಂಪ್ಯೂಟರ್ ಸುಳ್ಳು ಹೇಳತದೇನು?’ ಎಂದು ಕೇಳುವ ಅಪ್ಪಂದಿರಿಗೆ ಮಂಚೇರಿಯಲ್‌ನ 99 ಸಾಕ್ಷಿ.

ಅನುಮಾನವಿದ್ದರೆ ಎರಡು ದಾರಿ. ರೀಕೌಂಟಿಂಗ್ ಎಂದರೆ ಕೂಡಿಸಿದ್ದು ಸರಿಯಿದೆಯೇ ಎಂದಷ್ಟೇ ನೋಡುವುದು. ಇಂಟರ್‌ಗೆ ಪತ್ರಿಕೆಗೆ 100 ರೂಪಾಯಿ. ರೀವೆರಿಫಿಕೇಶನ್‌ನಲ್ಲಿ ಬಿಟ್ಟುಹೋದ ಉತ್ತರಗಳನ್ನು ನೋಡುತ್ತಾರೆ, ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಕೈಗೆ ಬರುತ್ತದೆ, ಪತ್ರಿಕೆಗೆ 600. ಎರಡನೆಯದೇ ಲೇಸು, ಏಕೆಂದರೆ ಕೈಯಲ್ಲಿ ಪ್ರತಿಯಿದ್ದರೆ ವಾದಕ್ಕೊಂದು ಆಧಾರ. ಆದರೆ ಅದರ ಉತ್ತರಕ್ಕೆ ಕಾಯುತ್ತ ಅಡ್ವಾನ್ಸ್‌ಡ್ ಸಪ್ಲಿಮೆಂಟರಿ ಪರೀಕ್ಷೆಯ ಶುಲ್ಕ ಕಟ್ಟುವುದನ್ನು ಮರೆಯಬಾರದು. ಎರಡೂ ಗಡುವುಗಳು ಒಂದರ ಬೆನ್ನಿಗೊಂದು ಬರುತ್ತವೆ, ಮನೆಯಲ್ಲಿ ಅಳು ಇನ್ನೂ ನಿಂತಿರದ ವಾರದಲ್ಲೇ. ಇನ್ನೊಂದು ಸಂಗತಿ ಎಷ್ಟೋ ಮನೆಗಳಿಗೆ ತಿಳಿದಿಲ್ಲ: ಇಂಟರ್ ಅಂಕಗಳಿಗಿದ್ದ ಶೇ 25ರ ತೂಕವನ್ನು ತೆಲಂಗಾಣ 2023ರಲ್ಲಿ ಎಂಸೆಟ್ ರ‍್ಯಾಂಕಿನಿಂದ ತೆಗೆದುಹಾಕಿದೆ. ಇಂಟರ್‌ನಲ್ಲಿ ಹತ್ತು ಅಂಕ ಕಡಿಮೆಯಾದರೆ ಎಂಜಿನಿಯರಿಂಗ್ ಸೀಟು ಹೋಯಿತೆಂದು ಗೋಳಾಡುವ ಕಾಲ ಮುಗಿದಿದೆ. ಗೋಳಾಟ ಮಾತ್ರ ಮುಂದುವರಿದಿದೆ.

ಕಂಪ್ಯೂಟರಿನಲ್ಲೇ ಬರೆಯುವ ಎಪ್‌ಸೆಟ್ (ಎಂಸೆಟ್‌ನ ಈಗಿನ ಹೆಸರು), ಜೆಇಇಯಂಥ ಪರೀಕ್ಷೆಗಳಲ್ಲಿ ಯಂತ್ರ ನಡುವೆ ಕೈಕೊಟ್ಟರೆ ಮಗು ಮಾಡಬೇಕಾದ್ದು ಒಂದೇ: ಕೂಡಲೇ ಕೈಯೆತ್ತಿ ಮೇಲ್ವಿಚಾರಕರಿಗೆ ತಿಳಿಸಿ, ಗಡಿಯಾರದಲ್ಲಿ ಎಷ್ಟು ನಿಮಿಷ ಹೋಯಿತೆಂದು ಅಲ್ಲೇ ಹೇಳುವುದು. ಸಂಕೋಚಪಟ್ಟು ಸುಮ್ಮನೆ ಕೂತು, ಸಂಜೆ ಮನೆಗೆ ಬಂದು ಹೇಳಿದರೆ ಕೇಂದ್ರದವರು ಒಪ್ಪುವುದಿಲ್ಲ. ಹೊರಬಂದ ದಿನವೇ ಪಾಳಿ, ಕೊಠಡಿ, ಕಂಪ್ಯೂಟರಿನ ಸಂಖ್ಯೆ ಬರೆದು ಇಮೇಲ್ ಕಳಿಸಿಡಬೇಕು. ಪ್ರಾಥಮಿಕ ಕೀ ಉತ್ತರ ಬಂದಾಗ ಆಕ್ಷೇಪಣೆ ಸಲ್ಲಿಸುವುದಕ್ಕೂ ಗಡುವಿದೆ. ರಾತ್ರಿ ನಿದ್ದೆ ಬಾರದ ಮಗುವಿಗೆ ಟೆಲಿ-ಮಾನಸ್‌ನ 14416 ಇದೆ; ಹಗಲುರಾತ್ರಿ, ದುಡ್ಡಿಲ್ಲದೆ.

ಇಷ್ಟೆಲ್ಲ ಮನೆಯವರೇ ಮಾಡಬೇಕೆಂದರೆ ಬೋರ್ಡಿನ ಕೆಲಸವೇನು? ಇಂದಿಗೂ ಸಂಶಯ ಬಂದ ಹುಡುಗಿ ಹೋಗುವುದು ಬಡಾವಣೆಯ ಜೆರಾಕ್ಸ್ ಅಂಗಡಿಗೆ ಅಥವಾ ಮೀಸೇವಾ ಕೇಂದ್ರಕ್ಕೆ. ಅಲ್ಲಿನ ಯುವಕನೇ ಆಕೆಗೆ ಬೋರ್ಡು, ಆಪ್ತ ಸಲಹೆಗಾರ, ವಕೀಲ. ಫಾರಂ ಒಂದಕ್ಕೆ ಇಪ್ಪತ್ತೋ ಮೂವತ್ತೋ ತೆಗೆದುಕೊಂಡು, ಲೈಟ್ ಹೋದರೆ ಫೋನಿನಲ್ಲೇ ತುಂಬಿಸಿಕೊಡುವ ಆತನ ತಾಳ್ಮೆಯ ಕಾಲುಭಾಗ ನಾಂಪಲ್ಲಿಯ ಬೋರ್ಡ್ ಕಚೇರಿಯಲ್ಲಿದ್ದರೂ ಸಾಕಿತ್ತು. ಫಲಿತಾಂಶದ ನಂತರದ ಹತ್ತು ದಿನ ಪ್ರತಿ ಮಂಡಲದಲ್ಲಿ ಒಂದು ಕಿಟಕಿ, ಅದರ ಹಿಂದೆ ಉತ್ತರ ಹೇಳಬಲ್ಲ ಒಬ್ಬ ಮನುಷ್ಯ: ಕೇಳುತ್ತಿರುವುದು ಇಷ್ಟೇ. ಗುಂಡಿ ಒತ್ತುವ ಸಮಾರಂಭಕ್ಕೆ ಸೇರುವ ಅಧಿಕಾರಿಗಳನ್ನೇ ಹಂಚಿದರೂ ಅರ್ಧ ಕಿಟಕಿಗಳು ತುಂಬುತ್ತವೆ.

99ರ ಜಾಗದಲ್ಲಿ 00 ತುಂಬಿದ ಮೌಲ್ಯಮಾಪಕರಿಗೆ 2019ರಲ್ಲಿ ಬಿದ್ದ ದಂಡ 5,000 ರೂಪಾಯಿ. ಆ ದುಡ್ಡಿನಲ್ಲಿ ಎಂಟು ಪತ್ರಿಕೆಗಳ ರೀವೆರಿಫಿಕೇಶನ್ ಆಗುತ್ತದೆ. ಮಿಕ್ಕ ಇನ್ನೂರರಲ್ಲಿ ಇನ್ನೆರಡು ಪತ್ರಿಕೆಗಳನ್ನು ಮತ್ತೆ ಕೂಡಿಸಿ ನೋಡಿಸಬಹುದು.